ಸೈನಸ್‌ನಲ್ಲಿ ಫಂಗಸ್ ಬೆಳೆಯುವುದು ಏಕೆ?



2021ರ ಮೇ ತಿಂಗಳಲ್ಲಿ ‘ಬ್ಲ್ಯಾಕ್ ಫಂಗಸ್’ ರೋಗಿಗಳಿಗೆ ಬೇಕಾದ ಆಂಫೊಟೆರಿಸಿನ್-ಬಿ ಇಂಜೆಕ್ಷನ್‌ಗಾಗಿ ಊರೂರಿಗೆ ಫೋನ್ ಮಾಡಿದ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಆಗ ಎಲ್ಲರೂ ಕೇಳುತ್ತಿದ್ದುದು, "ಈ ಫಂಗಸ್ ಎಲ್ಲಿಂದ ಬಂತು?" ಎಂದು. ನಿಜವಾಗಿ ಕೇಳಬೇಕಾದದ್ದು, "ಇವರಲ್ಲೇ ಏಕೆ ಬೆಳೆಯಿತು?" ಎಂದು.

ಹಣೆ, ಕೆನ್ನೆ ಮತ್ತು ಮೂಗಿನ ಸುತ್ತಲಿನ ಎಲುಬುಗಳಲ್ಲಿ ಗಾಳಿ ತುಂಬಿದ ಪೊಳ್ಳು ಜಾಗಗಳಿವೆ. ಇವೇ ಸೈನಸ್. ಫಂಗಸ್ ಅಂದರೆ ಬೂಷ್ಟಿನ ಜಾತಿ. ಅದರ ಕಣ್ಣಿಗೆ ಕಾಣದ ಬೀಜಕಣಗಳು ಮಣ್ಣು, ಒದ್ದೆ ಗೋಡೆ, ಹಳೆಯ ಧಾನ್ಯ, ಗೋಣಿಚೀಲದ ಧೂಳು ಎಲ್ಲದರಲ್ಲೂ ಇರುತ್ತವೆ. ನಾವೆಲ್ಲ ದಿನವೂ ಅವನ್ನು ಉಸಿರಾಡುತ್ತೇವೆ. ಆರೋಗ್ಯವಂತರಲ್ಲಿ ಮೂಗಿನ ಲೋಳೆಯೇ ಅವನ್ನು ಹೊರಹಾಕುತ್ತದೆ. ನಮ್ಮವರ ಮಾತಿನಲ್ಲಿ ಹೇಳುವುದಾದರೆ ಹೊರಗಿನ ಬೀಜಕಣ ನಿಮಿತ್ತ ಮಾತ್ರ. ದೇಹದ ಒಳಗಿನ ಸ್ಥಿತಿಯೇ ಮುಖ್ಯ.

ಸೈನಸ್ ಫಂಗಸ್‌ನಲ್ಲಿ ಮುಖ್ಯವಾಗಿ ಮೂರು ಬಗೆ:

1. ಫಂಗಸ್ ಉಂಡೆ: ಹೆಚ್ಚಾಗಿ ಕೆನ್ನೆಯ ಒಂದೇ ಸೈನಸ್‌ನಲ್ಲಿ ಗಂಟಿನಂತೆ ಕೂಡುತ್ತದೆ. ಮೇಲ್ದವಡೆಯ ಹಲ್ಲಿಗೆ ತುಂಬಿದ ವಸ್ತು ಸೈನಸ್‌ಗೆ ಸೇರಿದ್ದರೆ ಇದಕ್ಕೆ ದಾರಿಯಾಗಬಹುದು.

2. ಅಲರ್ಜಿಯ ಫಂಗಸ್: ಅಲರ್ಜಿ ಇರುವವರಲ್ಲಿ ಬರುತ್ತದೆ. ಮೂಗಿನಲ್ಲಿ ದುರ್ಮಾಂಸ ಬೆಳೆದು, ಅಂಟಿನಂಥ ಗಟ್ಟಿ ಕಫ ತುಂಬುತ್ತದೆ.

3. ಒಳನುಗ್ಗುವ ಫಂಗಸ್: ಇದೇ ಅಪಾಯದ್ದು. ಬ್ಲ್ಯಾಕ್ ಫಂಗಸ್ ಅಂದರೆ ಮ್ಯೂಕರ್‌ಮೈಕೋಸಿಸ್ ಈ ಗುಂಪಿಗೆ ಸೇರಿದೆ. ಇದು ರಕ್ತನಾಳಗಳನ್ನು ಮುಚ್ಚಿ, ಕಣ್ಣು ಮತ್ತು ಮಿದುಳಿನವರೆಗೆ ಕೆಲವೇ ದಿನಗಳಲ್ಲಿ ಹೋಗಬಲ್ಲದು. ಕಪ್ಪಾಗುವುದು ಫಂಗಸ್ ಅಲ್ಲ, ರಕ್ತವಿಲ್ಲದೆ ಸತ್ತ ಮಾಂಸ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಈ ಮೂರನೆಯದು ಹೆಚ್ಚಾಗಿ ಬರುವುದು ಹಿಡಿತ ತಪ್ಪಿದ ಸಕ್ಕರೆ ಕಾಯಿಲೆಯವರಿಗೆ, ಸ್ಟೀರಾಯ್ಡ್ ಹೆಚ್ಚು ತೆಗೆದುಕೊಂಡವರಿಗೆ, ಕ್ಯಾನ್ಸರ್ ಚಿಕಿತ್ಸೆ ಅಥವಾ ಅಂಗಾಂಗ ಕಸಿ ಆದವರಿಗೆ. ಕೋವಿಡ್ ಕಾಲದಲ್ಲಿ ಸಕ್ಕರೆ ಮತ್ತು ಸ್ಟೀರಾಯ್ಡ್ ಎರಡೂ ಒಟ್ಟಿಗೆ ಕೂಡಿದವು.

ನಮ್ಮ ಸಮಾಜದವರಿಗೆ ಒಂದು ಮಾತು. ಉಪವಾಸದಿಂದ ಫಂಗಸ್ ಬರುವುದಿಲ್ಲ. ಆದರೆ ಪರ್ವದ ದಿನಗಳಲ್ಲಿ ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅಥವಾ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಸಕ್ಕರೆ ಏರಿ, ರಕ್ತದಲ್ಲಿ ಆಮ್ಲ ಹೆಚ್ಚಬಹುದು. ಈ ಫಂಗಸ್‌ಗೆ ಬೇಕಾದದ್ದು ಅದೇ. ಊಟವಿಲ್ಲದೆ ಎಂದಿನ ಪ್ರಮಾಣದಲ್ಲೇ ಔಷಧ ತೆಗೆದುಕೊಂಡರೂ ಸಕ್ಕರೆ ಕುಸಿಯುವ ಭಯವಿದೆ. ಆದ್ದರಿಂದ ವ್ರತ ಹಿಡಿಯುವ ಮೊದಲೇ ವೈದ್ಯರನ್ನು ಕೇಳಿ, ಗುರುಗಳಿಗೂ ತಿಳಿಸಿ. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದೇ ‘ಶಕ್ತಿತಸ್ತಪ’, ಅಂದರೆ ಶಕ್ತಿಗೆ ತಕ್ಕ ತಪ.

ಒಂದೇ ಕಡೆ ಮುಖ ನೋವು ಅಥವಾ ಊತ, ಮೂಗಿನಿಂದ ಕಪ್ಪು ಇಲ್ಲವೇ ರಕ್ತಮಿಶ್ರಿತ ಸಿಂಬಳ, ಅಂಗುಳು ಕಪ್ಪಾಗುವುದು, ಹಲ್ಲು ಸಡಿಲವಾಗುವುದು, ಕಣ್ಣು ಊದಿ ಎರಡೆರಡು ಕಾಣುವುದು, ಇವು ಕಂಡರೆ ಅದೇ ದಿನ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ಆ್ಯಂಟಿಬಯೋಟಿಕ್ ಮಾತ್ರೆಗೆ ಫಂಗಸ್ ಸಾಯುವುದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ನುಂಗಬೇಡಿ. ಕೆಟ್ಟ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಫಂಗಸ್ ಔಷಧ ಕೊಡಬೇಕಾಗುತ್ತದೆ. ಎಷ್ಟು ಬೇಗ ಹೋದರೆ ಅಷ್ಟು ಕ್ಷೇಮ.

ಮನೆಯ ಹಿರಿಯರ ಸಕ್ಕರೆಯನ್ನು ಈ ವಾರವೇ ಒಮ್ಮೆ ಪರೀಕ್ಷೆ ಮಾಡಿಸಿ.