ದಾನವೂ ದಾಸೋಹವೂ

ಬೆಂಗಳೂರಿನ ಜಯನಗರ, ಬನಶಂಕರಿಗಳ ಕಡೆ ಯಾವುದಾದರೊಂದು ದೇವಾಲಯವನ್ನು ಹೊಕ್ಕು ನೋಡಿರಿ. ಗೋಡೆಯ ಅಮೃತಶಿಲೆಯ ಮೇಲೆ ದಾನಿಗಳ ಹೆಸರುಗಳನ್ನು ಕೆತ್ತಿರುತ್ತಾರೆ. ಕೆಲವೆಡೆ ವಿದ್ಯುದ್ದೀಪದ ಮೇಲೂ ಕೊಟ್ಟವರ ಹೆಸರು, ಬೆಳಕಿಗೆ ಅಡ್ಡಬರುವಷ್ಟು ದಪ್ಪಕ್ಷರಗಳಲ್ಲಿ! ಅಂಥಲ್ಲಿಯೇ ಊಟದ ಮನೆಯ ಬಾಗಿಲಿಗೆ ‘ದಾಸೋಹ ಭವನ’ವೆಂಬ ಹಲಗೆ ಇರುವುದೂ ಉಂಟು. ಎರಡೂ ಕೊಡುವುದನ್ನೇ ಹೇಳುವ ಮಾತುಗಳೆಂದು ನಾವು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸುತ್ತೇವೆ. ಆದರೆ ಇವುಗಳ ನಡುವಣ ಅಂತರ ಸಣ್ಣದಲ್ಲ.

ತನ್ನದೆನಿಸಿದುದನ್ನು ಮತ್ತೊಬ್ಬರಿಗೆ ಬಿಟ್ಟುಕೊಡುವುದು ದಾನ. ಅದೇನೂ ಹಗುರವಾದ ಗುಣವಲ್ಲ. ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನವನ್ನು ನಾಲ್ಕು ಬಗೆಯಾಗಿ ಹೇಳುವರು. 10ನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿ ‘ದಾನಚಿಂತಾಮಣಿ’ ಎನಿಸಿದಳು. ಆದರೂ ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಇಸ್ಲಾಂ ಧರ್ಮವು ಈ ತೊಡಕನ್ನು ತನ್ನ ರೀತಿಯಲ್ಲಿ ಬಿಡಿಸಿತು. ನಿಗದಿಯಾದ ಮಿತಿಯನ್ನು ಮೀರಿದ ಸಂಪತ್ತಿನಲ್ಲಿ ನಲವತ್ತರಲ್ಲೊಂದು ಪಾಲು ಜಕಾತ್. ಅದು ಉಳ್ಳವನ ಔದಾರ್ಯವಲ್ಲ, ಬಡವನ ಹಕ್ಕು.

12ನೆಯ ಶತಮಾನದ ಶರಣರಾದರೋ ಕೊಡುವವನನ್ನೇ ಕೆಳಗಿಳಿಸಿದರು. ‘ದಾಸೋಹಂ’ ಎಂದರೆ ‘ನಾನು ದಾಸ’. ಇಲ್ಲಿ ಉಣಬಡಿಸುವವನು ಸೇವಕ, ಉಣ್ಣುವವನು ಪೂಜ್ಯ. ಬಡಿಸುವ ಅನ್ನವಾದರೂ ಎಲ್ಲಿಂದಲೋ ಬಂದದ್ದಾಗಿರಬಾರದು. ಕಾಯವನ್ನು ದಂಡಿಸಿ ದುಡಿದ ಕಾಯಕದಿಂದಲೇ ಬರಬೇಕು.

ಈ ನಿಯಮ ಎಷ್ಟು ಕಠಿನವೆಂಬುದನ್ನು ಆಯ್ದಕ್ಕಿ ಮಾರಯ್ಯನ ಮಡದಿ ಲಕ್ಕಮ್ಮನಿಂದ ತಿಳಿಯಬೇಕು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದನೆಂದು ಕಥೆ ಹೇಳುತ್ತದೆ. ಕದ್ದುದಲ್ಲ, ಬೇಡಿದುದಲ್ಲ, ನೆಲದ ಮೇಲೆ ಬಿದ್ದಿದ್ದ ಅಕ್ಕಿ. ಮನೆಗೆ ಬರುವ ಜಂಗಮರಿಗೆ ಇನ್ನಷ್ಟು ಬಡಿಸಬಹುದಲ್ಲವೆ? ಲೋಕದ ಲೆಕ್ಕದಲ್ಲಿ ಪುಣ್ಯವೇ ಹೆಚ್ಚಿತು. ಲಕ್ಕಮ್ಮ ಒಪ್ಪಲಿಲ್ಲ. ಅಂದಿನ ಅಗತ್ಯವನ್ನು ಮೀರಿದ ಆ ಹಿಡಿ ಅಕ್ಕಿಯಲ್ಲಿ ಆಕೆಗೆ ಆಸೆ ಕಂಡಿತು; ಆಸೆಯಿಂದ ಕೂಡಿಟ್ಟುದನ್ನು ಬಡಿಸಿದರೆ ಅದು ದಾಸೋಹವಾಗದು ಎಂಬುದು ಆಕೆಯ ನಿಲುವು. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳು. ಉಳ್ಳವರು ಆಸೆಯನ್ನು ಹಳಿಯುವುದು ಸುಲಭ. ಇದು ನಾಳೆಗೆ ಕಾಳಿಲ್ಲದ ಮನೆಯ ಹೆಂಗಸಿನ ಮಾತು. ಮಾರಯ್ಯ ಅಕ್ಕಿಯನ್ನು ಕಟ್ಟಿಕೊಂಡು ಮಹಾಮನೆಯ ಅಂಗಳಕ್ಕೆ ಮರಳಿ ನಡೆದ.