ಕೈ ಬದಲಾದರೆ ಕೆಲಸ ತಡ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಹೇಳಿದ ದಿನಕ್ಕೆ ಮುಗಿದ ಕಟ್ಟಡ ಬಹಳ ಅಪರೂಪ. ಹಣ ಸಾಲದೆ, ಮಳೆ ಬಂದು, ಸಿಮೆಂಟು ಸಿಗದೆ ಕೆಲಸ ನಿಲ್ಲುವುದು ಎಲ್ಲರಿಗೂ ಗೊತ್ತು. ಆದರೆ ಇನ್ನೊಂದು ದೊಡ್ಡ ಕಾರಣವಿದೆ. ಕೆಲಸ ಶುರು ಮಾಡಿದವರು ಕೊನೆಯವರೆಗೆ ಉಳಿದರೋ ಇಲ್ಲವೋ ಎಂಬುದೇ ಅದು. ಈ ಲೇಖನದಲ್ಲಿ ಅದನ್ನು ನಾವು ವಾಸಿಸುವ ನ್ಯೂಯಾರ್ಕ್-ನ್ಯೂಜೆರ್ಸಿಯ ಕೆಲವು ಉದಾಹರಣೆಗಳ ಮೂಲಕ ತಿಳಿದುಕೊಳ್ಳೋಣ.

ಮಕ್ಕಳೇ, ನಿಮ್ಮ ಗಣಿತದ ಪುಸ್ತಕದಲ್ಲಿ ಇಂಥದೊಂದು ಲೆಕ್ಕ ಇದ್ದೇ ಇರುತ್ತದೆ. 10 ಜನ ಒಂದು ಗೋಡೆಯನ್ನು 20 ದಿನಗಳಲ್ಲಿ ಕಟ್ಟಿದರೆ, 20 ಜನ ಎಷ್ಟು ದಿನಗಳಲ್ಲಿ ಕಟ್ಟುತ್ತಾರೆ? ಉತ್ತರ 10 ದಿನ. ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತದೆ. ಆದರೆ ಈ ಲೆಕ್ಕದಲ್ಲಿ ಎಲ್ಲ ಕೆಲಸಗಾರರೂ ಒಂದೇ ಸಮ, ಯಾರೂ ಊರಿಗೆ ಹೋಗುವುದಿಲ್ಲ, ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ನಿಜವಾದ ಕಟ್ಟಡದಲ್ಲಿ ಹಾಗಲ್ಲ.

ಕಟ್ಟಡದ ಕೆಲಸ ಒಂದು ಸರಪಳಿಯ ಹಾಗೆ. ಮೊದಲು ಸೆಂಟ್ರಿಂಗ್ ಕೆಲಸದವರು ಹಲಗೆ ಕಟ್ಟಬೇಕು. ಆಮೇಲೆ ಕಂಬಿ ಕಟ್ಟುವವರು ಬರಬೇಕು. ಅನಂತರ ಕಾಂಕ್ರೀಟು ಸುರಿದು, ಅದು ಗಟ್ಟಿಯಾಗುವವರೆಗೆ ನೀರು ಹಾಯಿಸಬೇಕು. ಪ್ಲಂಬರ್, ಎಲೆಕ್ಟ್ರಿಷಿಯನ್, ಗಾರೆ ಕೆಲಸದವರು ಎಲ್ಲರೂ ಸಾಲಾಗಿ ಕಾದಿರುತ್ತಾರೆ. ಸೆಂಟ್ರಿಂಗಿನವರು ಒಂದು ವಾರ ಬರದಿದ್ದರೆ ಹಿಂದಿರುವವರೆಲ್ಲರಿಗೂ ತಡವಾಗುತ್ತದೆ. ಅಷ್ಟೇ ಅಲ್ಲ, ಕಾದು ಬೇಸತ್ತ ಪ್ಲಂಬರ್ ಬೇರೆ ಕೆಲಸ ಒಪ್ಪಿಕೊಂಡುಬಿಟ್ಟರೆ ಒಂದು ವಾರದ ತಡ ಒಂದು ತಿಂಗಳಾಗುತ್ತದೆ. ಬಾಡಿಗೆಗೆ ತಂದ ಕ್ರೇನು ಸುಮ್ಮನೆ ನಿಂತಿದ್ದರೂ ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ತಂದರೆ ಆಯಿತಲ್ಲ ಎನ್ನಬಹುದು. ಹೊಸಬರಿಗೆ ಜಾಗ ತಿಳಿಯದು, ಜೊತೆಗಾರರ ಕೈಯ ವೇಗ ತಿಳಿಯದು. ಅವರಿಗೆ ಹೇಳಿಕೊಡಲು ಹಳಬರು ತಮ್ಮ ಕೆಲಸ ಬಿಡಬೇಕು. ಸಾಫ್ಟ್‌ವೇರ್ ಕ್ಷೇತ್ರದ ಪೋಷಕರಿಗೆ ಇದು ಹೊಸ ಮಾತಲ್ಲ. ಐಬಿಎಂನಲ್ಲಿ ದೊಡ್ಡ ಯೋಜನೆಯೊಂದನ್ನು ನಡೆಸಿದ ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ವಿವರಿಸಿದರು.

ಈಗ ಎಂಪೈರ್ ಸ್ಟೇಟ್ ಬಿಲ್ಡಿಂಗನ್ನು ನೋಡೋಣ. 1930ರ ಮಾರ್ಚ್ 17ರಂದು ಆರಂಭವಾದ ಈ 102 ಅಂತಸ್ತಿನ ಕಟ್ಟಡ 1931ರ ಮೇ 1ರಂದು ಉದ್ಘಾಟನೆಯಾಯಿತು. ಅಂದರೆ ಸುಮಾರು 410 ದಿನಗಳು ಮಾತ್ರ! ಕೆಲಸ ಜೋರಾಗಿದ್ದಾಗ ದಿನಕ್ಕೆ 3,400ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಉಕ್ಕಿನ ತೊಲೆಗಳನ್ನು ರಿವೆಟ್ ಹಾಕಿ ಜೋಡಿಸುವ ಕೆಲಸಕ್ಕೆ ನಾಲ್ವರ ತಂಡಗಳಿದ್ದವು. ಒಬ್ಬ ರಿವೆಟನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಇಕ್ಕಳದಿಂದ ಎಸೆಯುತ್ತಿದ್ದ. ಇನ್ನೊಬ್ಬ ಅದನ್ನು ಡಬ್ಬದಲ್ಲಿ ಹಿಡಿದು ತೂತಿಗೆ ಸೇರಿಸುತ್ತಿದ್ದ. ಮೂರನೆಯವ ಒಂದು ಬದಿಯಿಂದ ಒತ್ತಿ ಹಿಡಿದರೆ, ನಾಲ್ಕನೆಯವ ಎದುರು ಬದಿಯಿಂದ ಯಂತ್ರದ ಸುತ್ತಿಗೆಯಿಂದ ಬಡಿಯುತ್ತಿದ್ದ. ಇದೆಲ್ಲ ನೂರಾರು ಅಡಿ ಎತ್ತರದಲ್ಲಿ, ಕಿರಿದಾದ ಹಲಗೆಯ ಮೇಲೆ. ಇಂಥ ತಂಡದಲ್ಲಿ ಒಬ್ಬ ಬರದಿದ್ದರೆ ಉಳಿದ ಮೂವರ ಕೆಲಸವೂ ನಿಲ್ಲುತ್ತಿತ್ತು. ಕೆಂಡದಂಥ ರಿವೆಟನ್ನು ಗುರುತಿಲ್ಲದವನಿಗೆ ಎಸೆಯುವುದು ಹೇಗೆ? ಕೆನಡಾದ ಮಾಂಟ್ರಿಯಲ್ ಬಳಿಯ ಕಾನಾವಾಕೆಯಿಂದ ಬರುತ್ತಿದ್ದ ಮೊಹಾಕ್ ಜನಾಂಗದವರು ಈ ಉಕ್ಕಿನ ಕೆಲಸದಲ್ಲಿ ಹೆಸರುವಾಸಿಗಳು. ಅವರ ತಂಡಗಳಲ್ಲಿ ಬಂಧುಗಳು, ಒಂದೇ ಊರಿನವರು ಜೊತೆಯಾಗಿ ದುಡಿಯುತ್ತಿದ್ದರು.

ಕೆಲಸಗಾರರು ಊಟಕ್ಕೆ ಕೆಳಗಿಳಿದು ಸಮಯ ಕಳೆಯಬಾರದೆಂದು ಕಟ್ಟಡದೊಳಗೇ ಬೇರೆ ಬೇರೆ ಅಂತಸ್ತುಗಳಲ್ಲಿ ಕ್ಯಾಂಟೀನುಗಳನ್ನು ತೆರೆಯಲಾಗಿತ್ತು. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ಅದು ಮಹಾ ಆರ್ಥಿಕ ಕುಸಿತದ ಕಾಲ. ಹೊರಗೆ ಕೆಲಸವೇ ಇರಲಿಲ್ಲ. ಹಾಗಾಗಿ ಜನ ಅಲ್ಲಿ ಉಳಿದದ್ದಕ್ಕೆ ಒಳ್ಳೆಯ ವ್ಯವಸ್ಥೆ ಮಾತ್ರವಲ್ಲ, ಹೊಟ್ಟೆಪಾಡೂ ಕಾರಣ.

ಜನ ಉಳಿಯಲಾರದ ಕಡೆ ಏನಾಗುತ್ತದೆ ಎಂಬುದಕ್ಕೆ ಬ್ರೂಕ್ಲಿನ್ ಸೇತುವೆ ಸಾಕ್ಷಿ. 1870ರಲ್ಲಿ ಕೆಲಸ ಆರಂಭವಾಯಿತು. ನದಿಯ ತಳದಲ್ಲಿ ಬೋರಲು ಹಾಕಿದ ದೊಡ್ಡ ಮರದ ಪೆಟ್ಟಿಗೆಯೊಳಗೆ ಒತ್ತಡದ ಗಾಳಿ ತುಂಬಿ, ಅದರೊಳಗೆ ಕೆಲಸಗಾರರು ಮಣ್ಣು ಅಗೆಯಬೇಕಿತ್ತು. ಹೊರಗೆ ಬೇಗ ಬಂದರೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳಾಗಿ ಕೈಕಾಲು ಸೆಟೆದುಕೊಳ್ಳುತ್ತಿತ್ತು, ಕೆಲವರು ಸತ್ತೂ ಹೋದರು. ಆಗ ಈ ರೋಗದ ಕಾರಣ ಸರಿಯಾಗಿ ತಿಳಿದಿರಲಿಲ್ಲ. ಭಯದಿಂದ ಜನ ಕೆಲಸ ಬಿಡುತ್ತಲೇ ಇದ್ದರು, ಹೊಸಬರು ಬರುತ್ತಲೇ ಇದ್ದರು. ಆಳ ಹೆಚ್ಚಿದಂತೆ ಪಾಳಿಯ ಅವಧಿಯನ್ನೂ ಕಡಿಮೆ ಮಾಡಬೇಕಾಯಿತು. 1872ರ ಮೇ ತಿಂಗಳಲ್ಲಿ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್, ಬಂಡೆ ಪೂರ್ತಿ ಸಿಗುವ ಮೊದಲೇ ಮ್ಯಾನ್‌ಹಟನ್ ಕಡೆಯ ಅಗೆತವನ್ನು ಸುಮಾರು 78 ಅಡಿಗೆ ನಿಲ್ಲಿಸಲು ನಿರ್ಧರಿಸಿದರು. ಅವರೂ ಅದೇ ರೋಗಕ್ಕೆ ಸಿಕ್ಕಿ ಮನೆ ಹಿಡಿದರು. ಆಗ ಪತ್ನಿ ಎಮಿಲಿ ಎಂಜಿನಿಯರಿಂಗ್ ವಿಷಯಗಳನ್ನು ಕಲಿತು, ಪತಿಯ ಸೂಚನೆಗಳನ್ನು ವರ್ಷಗಟ್ಟಲೆ ಕೆಲಸದ ಜಾಗಕ್ಕೆ ತಲುಪಿಸಿದರು. ಆದ್ದರಿಂದಲೇ ಯೋಜನೆಯ ತಿಳಿವಳಿಕೆ ಕೈತಪ್ಪಿಹೋಗಲಿಲ್ಲ. 1883ರ ಮೇ 24ರಂದು ಸೇತುವೆ ತೆರೆಯಿತು.

ಇತ್ತೀಚಿನ ಉದಾಹರಣೆ 2020ರದು. ಕೊರೋನಾ ಕಾರಣದಿಂದ ನ್ಯೂಯಾರ್ಕಿನಲ್ಲಿ ಮಾರ್ಚ್ ಕೊನೆಯಿಂದ, ನ್ಯೂಜೆರ್ಸಿಯಲ್ಲಿ ಏಪ್ರಿಲ್ 10ರಿಂದ, ಅತ್ಯಗತ್ಯವಲ್ಲದ ಕಟ್ಟಡ ಕೆಲಸಗಳು ನಿಂತವು. ನ್ಯೂಜೆರ್ಸಿಯಲ್ಲಿ ಮೇ 18ರಂದು, ನ್ಯೂಯಾರ್ಕ್ ನಗರದಲ್ಲಿ ಜೂನ್ 8ರಂದು ಮತ್ತೆ ಶುರುವಾದವು. ಅದೇ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿ ಬಿಹಾರ, ಒಡಿಶಾ, ಜಾರ್ಖಂಡ್ ಮುಂತಾದ ಕಡೆಯ ಕೆಲಸಗಾರರು ಊರಿಗೆ ಹೊರಟರು. ಕಟ್ಟಡ ಕೆಲಸ ನಿಂತುಹೋಗುತ್ತದೆಂಬ ಚಿಂತೆಯಲ್ಲಿ ಕರ್ನಾಟಕ ಸರ್ಕಾರ ಮೇ ತಿಂಗಳ ಮೊದಲ ವಾರದಲ್ಲಿ ಅವರ ವಿಶೇಷ ರೈಲುಗಳನ್ನೇ ರದ್ದು ಮಾಡಿತು. ಎಲ್ಲೆಡೆ ಟೀಕೆ ಬಂದ ಮೇಲೆ ಆ ನಿರ್ಧಾರವನ್ನು ಬದಲಿಸಿತು. ನಮ್ಮ ಮೆಟ್ರೋ ಕೆಲಸಕ್ಕೂ ಕೆಲಸಗಾರರ ಕೊರತೆಯ ಬಿಸಿ ತಟ್ಟಿತು. ಕೆಂಗೇರಿಯ ಮಾರ್ಗ ಹೇಳಿದ್ದಕ್ಕಿಂತ ತಡವಾಗಿ 2021ರ ಆಗಸ್ಟಿನಲ್ಲಿ ತೆರೆಯಿತು. ಕೂಲಿಯಿಲ್ಲದೆ, ಊಟಕ್ಕೆ ಪರದಾಡಿ, ಮನೆಯವರನ್ನು ನೆನೆದು ಹೊರಟವರನ್ನು ರೈಲು ನಿಲ್ಲಿಸಿ ಹಿಡಿದಿಡಲು ಆಗುವುದಿಲ್ಲ.

ಹಾಗಾದರೆ ಜನ ಉಳಿಯುವುದು ಯಾವುದರಿಂದ? ಸರಿಯಾದ ಸಮಯಕ್ಕೆ ಸಿಗುವ ಕೂಲಿ, ಅಪಾಯವಿಲ್ಲದ ಕೆಲಸದ ಜಾಗ, ಇರಲು ನೆಲೆ, ಕೆಲಸ ಕಲಿಯುವ ಅವಕಾಶ ಮತ್ತು ಮರ್ಯಾದೆ. ನ್ಯೂಯಾರ್ಕಿನ ನೆಲದಡಿ ಸುರಂಗ ಕೊರೆಯುವ 'ಸ್ಯಾಂಡ್‌ಹಾಗ್' ಕೆಲಸಗಾರರಿಗೆ ತಮ್ಮದೇ ಸಂಘವಿದೆ. ಅವರ ಎಷ್ಟೋ ಮನೆಗಳಲ್ಲಿ ತಂದೆಯ ಕೆಲಸವನ್ನು ಮಗ ಮುಂದುವರಿಸಿದ್ದಾನೆ. 1970ರಲ್ಲಿ ಆರಂಭವಾದ ನಗರದ ಮೂರನೆಯ ನೀರಿನ ಸುರಂಗದಂಥ ದೀರ್ಘ ಕೆಲಸಕ್ಕೆ ಇಂಥ ಅನುಭವ ದೊಡ್ಡ ಆಸ್ತಿ.

ಮಕ್ಕಳೇ, ಜೆರ್ಸಿ ಸಿಟಿಯ ಕಡೆ ಹೋಗುವಾಗ ಎತ್ತರದ ಕ್ರೇನುಗಳನ್ನು ನೋಡಿ ನೀವು ಅಂತಸ್ತು ಎಣಿಸುತ್ತೀರಿ. ಅದರ ಕೆಳಗೆ ಹೆಲ್ಮೆಟ್ ಹಾಕಿ ನಿಂತವರನ್ನೂ ಒಮ್ಮೆ ನೋಡಿ. ಪೋಷಕರೇ, ಇಲ್ಲಿಯೋ ಊರಿನಲ್ಲಿಯೋ ಮನೆ ಕಟ್ಟಿಸುವಾಗ "ಎಂದು ಮುಗಿಸುತ್ತೀರಿ?" ಎಂದು ಮೇಸ್ತ್ರಿಯನ್ನು ಕೇಳುತ್ತೇವಲ್ಲ, "ನಿಮ್ಮವರಿಗೆ ಈ ವಾರದ ಕೂಲಿ ಸಂದಿತೇ?" ಎಂದೂ ಕೇಳೋಣ. ಮೊದಲನೆಯ ಪ್ರಶ್ನೆಯ ಉತ್ತರ ಬಹಳ ಮಟ್ಟಿಗೆ ಎರಡನೆಯದರಲ್ಲಿದೆ.