ಮುಜಂಟಿ ಜೇನಿನ ನೆಲೆಗಳೂ ವಂಶಭೇದವೂ

ಮರದ ಪೊಟರೆಯಲ್ಲಿಯೂ ಹಳೆಯ ಗೋಡೆಯ ಬಿರುಕಿನಲ್ಲಿಯೂ ಗೂಡು ಕಟ್ಟುವ, ಕುಟುಕಲಾರದ ಮುಜಂಟಿ ಜೇನು ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಉಂಟು. ಹೊರನೋಟಕ್ಕೆ ಒಂದೇ ಆಗಿ ತೋರುವ ಇವು ವಂಶದಲ್ಲಿಯೂ ಒಂದೇ ಎಂದು ನಾವು ಭಾವಿಸಬಹುದೆ?

ಭಾವಿಸಲಾಗದು. ಇದಕ್ಕೆ ಕಾರಣ ಗೂಡು ಒಡೆಯುವ ಕ್ರಮದಲ್ಲಿದೆ. ತುಡುವೆ ಜೇನಿನಲ್ಲಿ ಹಳೆಯ ರಾಣಿಯು ಪರಿವಾರದೊಡನೆ ಹೊಸ ತಾಣಕ್ಕೆ ಹಾರಿಹೋಗುತ್ತದೆ. ಮುಜಂಟಿಯಲ್ಲಾದರೋ ಕೆಲಸಗಾರ ನೊಣಗಳು ತಾಯಿಗೂಡಿನಿಂದ ಮೇಣವನ್ನೂ ಆಹಾರವನ್ನೂ ದಿನಗಟ್ಟಲೆ ಸಾಗಿಸಿ ಹೊಸ ಗೂಡನ್ನು ಸಿದ್ಧಗೊಳಿಸಿದ ಮೇಲೆ ಎಳೆಯ ರಾಣಿಯು ಅಲ್ಲಿಗೆ ಬರುತ್ತದೆ. ಆದುದರಿಂದ ಮಗಳ ಗೂಡು ತಾಯಿಗೂಡಿನ ಹಾರಾಟದ ಮೇರೆಯೊಳಗೇ ಇರಬೇಕು. ಗಂಡುನೊಣಗಳು ಮಾತ್ರ ಹೆಚ್ಚು ದೂರ ಚದುರಬಲ್ಲವು. ಹೀಗಾಗಿ, ತಾಯಿಯಿಂದಲೇ ಇಳಿದುಬರುವ ಮೈಟೊಕಾಂಡ್ರಿಯದ ಡಿಎನ್‌ಎ ನೆಲೆಯಿಂದ ನೆಲೆಗೆ ಭಿನ್ನವಾಗುವುದು ಸಹಜ. ನಡುವೆ ಮರಗಳಿಲ್ಲದ ಬಯಲು ಬಂದರೆ ಭೇದವು ಇನ್ನೂ ಬಲಿಯುತ್ತದೆ.

ಬೇರ್ಪಟ್ಟ ಸಣ್ಣ ಸಮೂಹಕ್ಕೆ ಅಪಾಯವೂ ಉಂಟು. ಲಿಂಗವನ್ನು ನಿರ್ಣಯಿಸುವ ವಂಶವಾಹಿಯ ಎರಡು ಪ್ರತಿಗಳೂ ಒಂದೇ ಬಗೆಯವಾದರೆ, ಹೆಣ್ಣಾಗಬೇಕಾದ ಮೊಟ್ಟೆಯು ನಿಷ್ಪ್ರಯೋಜಕ ಗಂಡಾಗುತ್ತದೆ. ಆದಕಾರಣ ಸಮೂಹವೊಂದು ಉಳಿಯಲು ಸುಮಾರು 44 ಗೂಡುಗಳು ಬೇಕೆಂದು ಬ್ರೆಜಿಲಿನ ಕೆರ್ ಮತ್ತು ವೆಂಕೋವ್‌ಸ್ಕಿ 1982ರಲ್ಲಿ ಗಣಿಸಿದರು. ಆದರೆ ಅದೇ ದೇಶದಲ್ಲಿ, ಎರಡೇ ಗೂಡುಗಳಿಂದ ಆರಂಭಿಸಿ ಸಾಕಿದ ಮೆಲಿಪೋನ ಜೇನಿನ ಸಮೂಹವೊಂದು ಹತ್ತು ವರ್ಷಕ್ಕೂ ಮಿಕ್ಕಿ ಬಾಳಿದ ವಿವರವು 2011ರಲ್ಲಿ ಪ್ರಕಟವಾಯಿತು.

ಇದರಿಂದ ನಾವು ಕಲಿಯಬೇಕಾದುದಿಷ್ಟು: ಗೂಡುಗಳು ಕಡಮೆಯಾದುವೆಂದು ದೂರದ ಸೀಮೆಯಿಂದ ಪೆಟ್ಟಿಗೆಗಳನ್ನು ತರಲು ಆತುರಪಡಬೇಕಾಗಿಲ್ಲ. ಸ್ಥಳದ ಗೂಡುಗಳನ್ನೇ ಪಾಲುಮಾಡಿ ಬೆಳೆಸುವುದು ಲೇಸು. ಒಮ್ಮೆ ಬೆರೆತ ವಂಶಗಳನ್ನು ಮರಳಿ ಬೇರ್ಪಡಿಸಲಾರೆವು.